ಸಿಎಸ್‌ಎಸ್ ಝೆನ್ ಗಾರ್ಡನ್

ಜಾಲತಾಣದ ರೂಪವನ್ನು ಅದರ ಬರಹದಿಂದ ಪೂರ್ತಿ ಬೇರ್ಪಡಿಸಬಹುದೆಂದು ಕಣ್ಣಿಗೆ ಕಾಣುವಂತೆ ತೋರಿಸಿದ ತಾಣ. ಕೆನಡಾದ ವಿನ್ಯಾಸಕಾರ ಡೇವ್ ಶೇ ಇದನ್ನು 2003ರಲ್ಲಿ ಆರಂಭಿಸಿದರು. ಅದಕ್ಕೂ ಮೊದಲು ವಿನ್ಯಾಸಕಾರರು ಫೋಟೊಶಾಪ್‌ನಲ್ಲಿ ಪುಟದ ಚಿತ್ರ ಮಾಡಿ ಕೊಡುವುದು, ಕೋಡ್ ಬರೆಯುವವರು ಅದನ್ನು ತುಂಡುತುಂಡಾಗಿ ಕತ್ತರಿಸಿ ಎಚ್‌ಟಿಎಂಎಲ್ ಕೋಷ್ಟಕದ ಮನೆಗಳಲ್ಲಿ ಕೂರಿಸುವುದು ರೂಢಿಯಾಗಿತ್ತು. ಒಂದು ಬಣ್ಣ ಬದಲಿಸಲೂ ಎಷ್ಟೋ ಸಲ ಪುಟಪುಟವನ್ನೂ ತಿದ್ದಬೇಕಿತ್ತು. ಪುಟದ ರೂಪವನ್ನು ಬೇರೆಯಾಗಿ ಬರೆದಿಡುವ ಸಿಎಸ್‌ಎಸ್ ಭಾಷೆಯ ಮೊದಲ ಆವೃತ್ತಿ 1996ರಲ್ಲೇ ಬಂದಿದ್ದರೂ ಅದು ಕೋಡ್ ಬರೆಯುವವರ ಸಲಕರಣೆ, ಅದರಿಂದ ಚೆಂದದ ಪುಟ ಹುಟ್ಟದು ಎಂಬ ಭಾವನೆ ಅನೇಕ ವಿನ್ಯಾಸಕಾರರಲ್ಲಿ ಉಳಿದಿತ್ತು.

ತಾಣಕ್ಕೆ ವಿನ್ಯಾಸ ಕಳಿಸುವವರಿಗೆ ಶೇ ಇಟ್ಟ ನಿಯಮ ಸರಳ. ಬರಹವಿರುವ ಎಚ್‌ಟಿಎಂಎಲ್ ಕಡತದ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಸಿಎಸ್‌ಎಸ್ ಕಡತವನ್ನೂ ಅದು ಬಳಸುವ ಚಿತ್ರಗಳನ್ನೂ ಮಾತ್ರ ಬದಲಿಸಬಹುದು. ಹಲವು ದೇಶಗಳಿಂದ ಬಂದ ವಿನ್ಯಾಸಗಳಲ್ಲಿ 200ಕ್ಕೂ ಹೆಚ್ಚು ಇಲ್ಲಿ ಪ್ರಕಟವಾದವು. ಬರಹ ಒಂದೇ ಆದರೂ ಪುಟಗಳು ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನುವಷ್ಟು ಬೇರೆ. ಚಿತ್ರ ಬಿಡಿಸುವವರನ್ನು ಕೋಡ್ ಓದಲು ಕೂರಿಸಿದ್ದೇ ಇದರ ನಿಜವಾದ ಸಾಧನೆ. ಅವರಿಗೂ ಕೋಡ್ ಬರೆಯುವವರಿಗೂ ಮಾತಾಡಲು ಒಂದು ಸಮಾನ ಭಾಷೆ ದೊರೆಯಿತು. ಈ ವಿನ್ಯಾಸಗಳನ್ನು ಆಧರಿಸಿ ಶೇ ಮತ್ತು ಮಾಲಿ ಹೋಲ್ಜ್‌ಶ್ಲಾಗ್ ಬರೆದ ಪುಸ್ತಕ 2005ರಲ್ಲಿ ಹೊರಬಂತು.