ಗವಿಗಂಗಾಧರನ ಬಿಸಿಲಿಗೆ ಎಷ್ಟು ವೇಗ?

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದ ಗವಿಗಂಗಾಧರೇಶ್ವರ ದೇವಸ್ಥಾನದಲ್ಲಿ ನೂಕುನುಗ್ಗಲು. ಕಮಾನಿನ ಕಿಂಡಿ ದಾಟಿ, ನಂದಿಯ ಕೊಂಬುಗಳ ನಡುವೆ ಹಾದು, ಬಿಸಿಲು ಗವಿಯೊಳಗಿನ ಲಿಂಗ ಮುಟ್ಟುತ್ತದೆ. ಕೆಂಪೇಗೌಡರ ಕಾಲದ ಜಾಣ್ಮೆ ಎಂದು ಎಲ್ಲರೂ ಕೈಮುಗಿಯುತ್ತಾರೆ. ಬಿ.ಎಸ್ಸಿ. ಹುಡುಗರಿಗೆ ಮೆಕ್ಯಾನಿಕ್ಸ್ ಹೇಳಿಕೊಟ್ಟೇ ತಲೆ ನರೆತ ನನಗೆ ಮಾತ್ರ, ಆ ಸೂರ್ಯ ದಿನಕ್ಕೆಷ್ಟು ಉತ್ತರಕ್ಕೆ ಜರುಗುತ್ತಾನೆ ಅನ್ನುವುದೇ ಪ್ರಶ್ನೆ.

ರಾಶಿಚಕ್ರದಲ್ಲಿ ಅವನದು ದಿನಕ್ಕೆ ಸುಮಾರು ಒಂದು ಡಿಗ್ರಿ ನಡಿಗೆ. ಆ ದಾರಿ ವಿಷುವದ್ವೃತ್ತಕ್ಕೆ 23.4 ಡಿಗ್ರಿ ಓರೆ. ಆದ್ದರಿಂದ ವೇಗವನ್ನು ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು ಎಂದು ಬಿಡಿಸಬೇಕು. ಗೋಳದ ಮೇಲೆ ಈ ದಿಕ್ಕುಗಳೂ ಜೊತೆಗೇ ತಿರುಗುತ್ತಿರುತ್ತವೆ, ತೊಡಕು ಇರುವುದೇ ಅಲ್ಲಿ. ಓರೆಯ ಸೈನನ್ನು ಸಾಯನ ಸ್ಫುಟದ (ಮಾರ್ಚ್ ವಿಷುವದ ಬಿಂದುವಿನಿಂದ ರಾಶಿಚಕ್ರದ ಮೇಲೆ ಅಳೆದ ಕೋನ) ಸೈನಿನಿಂದ ಗುಣಿಸಿದರೆ ಕ್ರಾಂತಿಯ (ವಿಷುವದ್ವೃತ್ತದಿಂದ ಸೂರ್ಯನಿಗಿರುವ ಕೋನ) ಸೈನ್. ಎರಡೂ ಬದಿಯನ್ನು ಕಾಲಕ್ಕೆ ಡಿಫರೆನ್ಷಿಯೇಟ್ ಮಾಡಿದರೆ ಉತ್ತರದ ವೇಗ ಸಿಗುತ್ತದೆ. ಕ್ರಾಂತಿಯ ಬದಿಯಲ್ಲಿ ಉಳಿಯುವ ಅದರ ಕೋಸೈನನ್ನು ನುಂಗಿ ಮಾರ್ಕ್ಸ್ ಕಳೆದುಕೊಂಡವರು ಬಹಳ ಮಂದಿ. ಇಂಥ ಲೆಕ್ಕ ಹೊಸದೇನಲ್ಲ: 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲೇ ಭಾಸ್ಕರಾಚಾರ್ಯರು ಕೋಟಿಜ್ಯೆ (ಕೋಸೈನ್) ಹಿಡಿದು ಗ್ರಹಗಳ ತಾತ್ಕಾಲಿಕ ಗತಿ, ಅಂದರೆ ಆ ಕ್ಷಣದ ವೇಗ, ತೆಗೆದಿದ್ದರು.

ಡಿಸೆಂಬರ್ 21ರ ಹೊತ್ತಿಗೆ ಈ ಉತ್ತರದ ವೇಗ ಸೊನ್ನೆ, ಮಾರ್ಚ್ ವಿಷುವದಲ್ಲಿ ದಿನಕ್ಕೆ 24 ಕಲೆ (ಒಂದು ಡಿಗ್ರಿಗೆ 60 ಕಲೆ). ಸಂಕ್ರಾಂತಿಯಂದು ಹತ್ತು ಹನ್ನೊಂದು ಕಲೆ. ಸೂರ್ಯಬಿಂಬದ ಅಗಲವೇ 32 ಕಲೆಯಾದ್ದರಿಂದ ಒಂದು ಬಿಂಬದಷ್ಟು ಸರಿಯಲು ಮೂರು ದಿನ ಬೇಕು. ಹಾಗಾಗಿಯೇ ಬಿಸಿಲು ಹಬ್ಬದ ದಿನ ಮಾತ್ರವಲ್ಲ, ಜನವರಿ 13ರಿಂದ 16ರವರೆಗೂ ಬರುತ್ತದೆ. ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದನ್ನೂ ತೋರಿಸಿದರು: ನವೆಂಬರ್ ಕೊನೆಯಲ್ಲೂ ಲಿಂಗದ ಮೇಲೆ ಇದೇ ಬಿಸಿಲು. ಕ್ರಾಂತಿ ಅದೇ, ವೇಗವೂ ಅಷ್ಟೇ, ದಿಕ್ಕು ಮಾತ್ರ ದಕ್ಷಿಣ. ಆಗ ಹಬ್ಬವಿಲ್ಲ, ಜನವೂ ಇಲ್ಲ.

ಡೇನಿಯಲ್ ಚಿತ್ರಕಾರರು 1792ರಲ್ಲಿ ಬರೆದ ಚಿತ್ರಗಳಲ್ಲಿ ದೇವಸ್ಥಾನದ ಮುಂದೆ ಈಗಿನಷ್ಟು ಕಟ್ಟಡಗಳಿಲ್ಲ. ಅಂದರೆ ಇಂದಿನ ಕಿಂಡಿಯೇ ಕೆಂಪೇಗೌಡರ ಕಾಲದ್ದೆಂದು ಖಚಿತವಾಗಿ ಹೇಳಲಾಗದು. ಜೊತೆಗೆ, ಅಯನಚಲನೆಯಿಂದ (ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ) ಸಂಕ್ರಾಂತಿ ಸುಮಾರು 71 ವರ್ಷಕ್ಕೊಂದು ದಿನ ಮುಂದಕ್ಕೆ ಹೋಗುತ್ತದೆ. ಕೆಂಪೇಗೌಡರಿದ್ದ 16ನೇ ಶತಮಾನದಲ್ಲಿ ಅದು ಇಂದಿನ ಕ್ಯಾಲೆಂಡರಿನ ಜನವರಿ 8ರ ಆಸುಪಾಸು. ಆ ದಿನ ಸೂರ್ಯ ಈಗಿನ ಹಬ್ಬದ ದಿನಕ್ಕಿಂತ ಎರಡು ಬಿಂಬದಷ್ಟು ದಕ್ಷಿಣಕ್ಕಿದ್ದ. ಹಾಗಾಗಿ ಈ ಕಿಂಡಿಯನ್ನು ಕೆಂಪೇಗೌಡರೇ ಸಂಕ್ರಾಂತಿಗೆಂದು ಗುರಿಯಿಟ್ಟರು ಅನ್ನುವ ಮಾತನ್ನು ನಾನಂತೂ ಒಪ್ಪೆ. ಇನ್ನು ಇನ್ನೂರು ವರ್ಷಕ್ಕೆ ಹಬ್ಬ ಜನವರಿ 17ಕ್ಕೆ ಬಂದಿರುತ್ತದೆ; ಆಗಿನವರು ಕಿಂಡಿಯನ್ನಾದರೂ ಸರಿಸಬೇಕು, ಪಂಚಾಂಗವನ್ನಾದರೂ.