ಡೊಮೈನ್, ಹೋಸ್ಟಿಂಗ್ ಕಂಪನಿಗಳ ಆದಾಯ-ವೆಚ್ಚ: ಮೊದಲ ವರ್ಷ ಅಗ್ಗ, ಮರುವರ್ಷ ದುಬಾರಿ ಏಕೆ?

ಜತ್ತ ತಾಲೂಕಿನ ಒಣದ್ರಾಕ್ಷಿ ವ್ಯಾಪಾರಿಯಾಗಲಿ, ದಾಳಿಂಬೆ ಬೆಳೆಗಾರರಾಗಲಿ, ಕನ್ನಡ ಶಾಲೆಯಾಗಲಿ, ಸ್ವಂತ ವೆಬ್‌ಸೈಟ್ ಬೇಕೆಂದರೆ ಎರಡು ಬಾಬತ್ತಿಗೆ ಹಣ ಕಟ್ಟಬೇಕು. ಒಂದು ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು. ಇನ್ನೊಂದು ಹೋಸ್ಟಿಂಗ್, ಅಂದರೆ ಪುಟಗಳು ಇರುವ ಸರ್ವರಿನಲ್ಲಿ ಜಾಗ. ಇವೆರಡೂ ಖರೀದಿಯಲ್ಲ, ಅವಧಿಯ ಬಾಡಿಗೆ. ಮೊದಲ ವರ್ಷ 99 ರೂಪಾಯಿಗೆ ಸಿಕ್ಕ ಹೆಸರಿಗೆ ಮರುವರ್ಷ ಸಾವಿರ ರೂಪಾಯಿಗೂ ಮೀರಿದ ಬಿಲ್ ಬಂದಾಗ ಗ್ರಾಹಕರು ಗಾಬರಿಯಾಗುವುದುಂಟು. ಕಂಪನಿಯ ಜಮಾ-ಖರ್ಚು ತಿಳಿದರೆ ಇದರ ಕಾರಣ ಗೊತ್ತಾಗುತ್ತದೆ.

ಹೆಸರಿನಲ್ಲಿ ಲಾಭ ಕಡಿಮೆ

ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಅಮೆರಿಕದ ವೆರಿಸೈನ್ ಕಂಪನಿಯ ಬಳಿ ಇದೆ. ಗ್ರಾಹಕನಿಗೆ ಹೆಸರು ಮಾರುವ ಕಂಪನಿ ಪ್ರತಿ ಹೆಸರಿಗೆ, ಪ್ರತಿ ವರ್ಷಕ್ಕೆ, ವೆರಿಸೈನ್‌ಗೆ ನಿಗದಿತ ಸಗಟು ದರ ಕೊಡಬೇಕು. ಅಂತಾರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಐಕಾನ್‌ಗೂ ಸಣ್ಣ ಶುಲ್ಕವಿದೆ. ಬಹುಕಾಲ 18 ಸೆಂಟ್ ಇದ್ದ ಅದು 2025ರ ಜುಲೈನಲ್ಲಿ 20 ಸೆಂಟ್ ಆಯಿತು.

1999ರವರೆಗೆ ಡಾಟ್ ಕಾಮ್ ಮಾರುತ್ತಿದ್ದದ್ದು ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಒಂದೇ ಕಂಪನಿ. ಆಗ ಎರಡು ವರ್ಷಕ್ಕೆ 70 ಡಾಲರ್. ಪೈಪೋಟಿ ಬಂದ ಮೇಲೆ ಸಗಟು ದರ ವರ್ಷಕ್ಕೆ 6 ಡಾಲರ್‌ಗೆ ಇಳಿಯಿತು. 2007ರ ಅಕ್ಟೋಬರ್‌ನಲ್ಲಿ 6.42, 2012ರ ಜನವರಿಯಲ್ಲಿ 7.85 ಡಾಲರ್ ಆಗಿ, ಅಲ್ಲಿಂದ 2021ರವರೆಗೆ ದರ ಏರಲಿಲ್ಲ. 2021ರಿಂದ ನಾಲ್ಕು ವರ್ಷ ಸತತವಾಗಿ ಏರಿ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ತಲುಪಿತು.

ಭಾರತದ ಕಂಪನಿಗೆ ಇದರ ಮೇಲೆ ರೂಪಾಯಿ ಕುಸಿತದ ಹೊರೆಯೂ ಬೀಳುತ್ತದೆ. 2007ರ ಕೊನೆಯಲ್ಲಿ ಡಾಲರ್‌ಗೆ ಸುಮಾರು 40 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಹೆಸರಿನ ಸಗಟು ದರ ಸುಮಾರು 257 ರೂಪಾಯಿ. 2024ರ ಸೆಪ್ಟೆಂಬರ್‌ನಲ್ಲಿ ಡಾಲರ್‌ಗೆ ಸುಮಾರು 84 ರೂಪಾಯಿಯಾಗಿ, ಅದೇ ದರ ಸುಮಾರು 862 ರೂಪಾಯಿ ಆಯಿತು. ಡಾಲರ್‌ನಲ್ಲಿ ಏರಿಕೆ ಶೇ. 60, ರೂಪಾಯಿಯಲ್ಲಿ ಮೂರು ಪಟ್ಟಿಗೂ ಹೆಚ್ಚು. ಗ್ರಾಹಕನ ಬಿಲ್ಲಿಗೆ 2017ರಿಂದ ಶೇ. 18 ಜಿಎಸ್‌ಟಿ ಕೂಡ ಸೇರಿದೆ.

ಹೀಗಿರುವಾಗ 99 ರೂಪಾಯಿಗೆ ಡಾಟ್ ಕಾಮ್ ಕೊಟ್ಟ ಕಂಪನಿಗೆ ಆ ವರ್ಷ ಒಂದು ಹೆಸರಿನ ಮೇಲೆ ಸುಮಾರು 780 ರೂಪಾಯಿ ಕೈಯಿಂದ ಹೋಗುತ್ತದೆ. ಕೆಲವು ಸಲ ಮೂಲ ಸಂಸ್ಥೆಯೇ ರಿಯಾಯಿತಿ ಕೊಡುವುದುಂಟು. ಇಲ್ಲವಾದರೆ ಇದು ಗ್ರಾಹಕನನ್ನು ಸೆಳೆಯಲು ಮಾಡುವ ಜಾಹೀರಾತು ಖರ್ಚು. ಅದನ್ನು ನವೀಕರಣದಲ್ಲಿ, ಹೋಸ್ಟಿಂಗ್‌ನಲ್ಲಿ, ಇ-ಮೇಲ್ ಮುಂತಾದ ಹೆಚ್ಚುವರಿ ಸೇವೆಗಳಲ್ಲಿ ವಸೂಲಿ ಮಾಡಲಾಗುತ್ತದೆ. ಒಮ್ಮೆ ಹೆಸರು ಜನರ ಬಾಯಿಗೆ ಬಂದ ಮೇಲೆ ಯಾರೂ ಅದನ್ನು ಸುಲಭವಾಗಿ ಬಿಡುವುದಿಲ್ಲ ಎಂಬುದೇ ಈ ವ್ಯಾಪಾರದ ಬುನಾದಿ.

ಹೋಸ್ಟಿಂಗ್ ಲೆಕ್ಕ

ಒಂದೇ ಸರ್ವರಿನಲ್ಲಿ ನೂರಾರು ಸಣ್ಣ ವೆಬ್‌ಸೈಟುಗಳನ್ನು ಇಡಬಹುದು. ಸರ್ವರ್ ಬಾಡಿಗೆ ಒಂದೇ, ಗ್ರಾಹಕರು ಹಲವರು. ಹೀಗಾಗಿ ಲಾಭದ ಪ್ರಮಾಣ ಹೆಸರಿಗಿಂತ ಇಲ್ಲಿ ಹೆಚ್ಚು. ಆದರೆ ಖರ್ಚಿನ ಸ್ವರೂಪ ಬದಲಾಗಿದೆ. ಡಿಸ್ಕ್ ಮತ್ತು ಬ್ಯಾಂಡ್‌ವಿಡ್ತ್ ವರ್ಷಗಳಿಂದ ಅಗ್ಗವಾಗುತ್ತ ಬಂದರೆ, ಸಾಫ್ಟ್‌ವೇರ್ ಮತ್ತು ಸಿಬ್ಬಂದಿಯ ಖರ್ಚು ಏರಿದೆ. ಹೆಚ್ಚಿನ ಕಂಪನಿಗಳು ಬಳಸುವ ಸಿಪ್ಯಾನೆಲ್ ತಂತ್ರಾಂಶಕ್ಕೆ ಮೊದಲು ಸರ್ವರಿಗೆ ಇಷ್ಟು ಎಂಬ ದರವಿತ್ತು. 2019ರ ಸೆಪ್ಟೆಂಬರ್‌ನಿಂದ ಖಾತೆಗಳ ಸಂಖ್ಯೆಗೆ ತಕ್ಕಂತೆ ದರ ಬಂತು. ಒಂದೇ ಸರ್ವರಿನಲ್ಲಿ ಹೆಚ್ಚು ಗ್ರಾಹಕರನ್ನು ತುಂಬಿದವರಿಗೇ ಇದರ ಪೆಟ್ಟು ಹೆಚ್ಚು ಬಿತ್ತು.

ಆದಾಯದ ಒಂದು ಬಾಗಿಲೂ ಕಿರಿದಾಯಿತು. ವೆಬ್‌ಸೈಟ್ ಸುರಕ್ಷಿತ ಎಂದು ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಗಳನ್ನು ಕಂಪನಿಗಳು ವರ್ಷಕ್ಕೆ ಇಷ್ಟು ಎಂದು ಮಾರುತ್ತಿದ್ದವು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಕೊನೆಯಿಂದ ಅದನ್ನು ಉಚಿತವಾಗಿ ಕೊಡತೊಡಗಿತು.

ಮುಂಗಡ ಹಣದ ವ್ಯಾಪಾರ

ಈ ಉದ್ಯಮದಲ್ಲಿ ಹಣ ಮೊದಲು ಬರುತ್ತದೆ, ಸೇವೆ ಆಮೇಲೆ. ಒಂದು ಹೆಸರಿಗೆ ಗರಿಷ್ಠ 10 ವರ್ಷದ ಹಣವನ್ನು ಒಟ್ಟಿಗೆ ಕಟ್ಟಬಹುದು. ಲೆಕ್ಕಪತ್ರದಲ್ಲಿ ಅದೆಲ್ಲ ಆ ವರ್ಷದ ಆದಾಯವಲ್ಲ. ಸೇವೆ ಕೊಡುತ್ತ ಹೋದಂತೆ ಭಾಗ ಭಾಗವಾಗಿ ಆದಾಯವಾಗುತ್ತದೆ. ಆದ್ದರಿಂದ ಬೆಳೆಯುತ್ತಿರುವ ಕಂಪನಿ ಪುಸ್ತಕದಲ್ಲಿ ನಷ್ಟ ತೋರಿಸಿದರೂ ಕೈಯಲ್ಲಿ ನಗದು ಇರುವುದು ಸಾಧ್ಯ.

ದೊಡ್ಡ ಉದಾಹರಣೆ ಅಮೆರಿಕದ ಗೋಡ್ಯಾಡಿ. 2014ರಲ್ಲಿ ಅದರ ಆದಾಯ ಸುಮಾರು 139 ಕೋಟಿ ಡಾಲರ್, ನಷ್ಟ ಸುಮಾರು 14 ಕೋಟಿ ಡಾಲರ್. 2024ರಲ್ಲಿ ಆದಾಯ ಸುಮಾರು 457 ಕೋಟಿ ಡಾಲರ್‌ಗೆ ಏರಿ, ಲಾಭ ಸುಮಾರು 94 ಕೋಟಿ ಡಾಲರ್ ಆಯಿತು. ಈಚಿನ ವರ್ಷಗಳಲ್ಲಿ ಅದರ ವೇಗದ ಬೆಳವಣಿಗೆ ಹೆಸರು ಮಾರಾಟದಿಂದಲ್ಲ, ವೆಬ್‌ಸೈಟ್ ತಯಾರಿಕೆ, ಇ-ಮೇಲ್, ಆನ್‌ಲೈನ್ ಅಂಗಡಿಯಂಥ ಸೇವೆಗಳಿಂದ ಬಂದಿದೆ.

ಮಹಾರಾಷ್ಟ್ರದ ಉದಾಹರಣೆ ಮುಂಬೈಯ ಡೈರೆಕ್ಟಿ. ಭಾವಿನ್ ಮತ್ತು ದಿವ್ಯಾಂಕ್ ತುರಾಖಿಯಾ ಸಹೋದರರು 1998ರಲ್ಲಿ ಇದನ್ನು ಆರಂಭಿಸಿದರು. ಊರೂರಿನ ಕಂಪ್ಯೂಟರ್ ಅಂಗಡಿಯವರೂ ತಮ್ಮ ಹೆಸರಿನಲ್ಲಿ ಡೊಮೈನ್ ಮಾರಲು ಸಾಧ್ಯವಾಗುವ ಮರುಮಾರಾಟ ವ್ಯವಸ್ಥೆಯಿಂದ ಅದು ಬೆಳೆಯಿತು. ಬಿಗ್‌ರಾಕ್, ರಿಸೆಲ್ಲರ್‌ಕ್ಲಬ್ ಸೇರಿದಂತೆ ಅದರ ಡೊಮೈನ್-ಹೋಸ್ಟಿಂಗ್ ವ್ಯವಹಾರವನ್ನು 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಕಂಪನಿ ಕೊಂಡಿತು. ತೆಳು ಲಾಭದ ಈ ವ್ಯಾಪಾರದಲ್ಲಿ ಗ್ರಾಹಕರ ಸಂಖ್ಯೆಯೇ ಆಸ್ತಿ ಎಂಬುದಕ್ಕೆ ಇದು ಸಾಕ್ಷಿ.

ಕಂಪನಿ ಸೋತರೆ?

ಮುಂಗಡ ಹಣದ ಅಪಾಯವನ್ನು ದೆಹಲಿಯ ನೆಟ್ ಫೋರ್ ಇಂಡಿಯಾ ಪ್ರಕರಣ ತೋರಿಸಿತು. ಹಳೆಯ ಸಾಲದ ಕಾರಣ ಕಂಪನಿ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೆಸರು ನವೀಕರಿಸಲು ಆಗುತ್ತಿಲ್ಲ, ಬೇರೆ ಕಂಪನಿಗೆ ವರ್ಗಾಯಿಸಲೂ ಆಗುತ್ತಿಲ್ಲ ಎಂದು ಗ್ರಾಹಕರಿಂದ ಸಾವಿರಾರು ದೂರುಗಳು ಐಕಾನ್‌ಗೆ ಹೋದವು. 2021ರಲ್ಲಿ ಐಕಾನ್ ಅದರ ಮಾನ್ಯತೆ ರದ್ದುಪಡಿಸುವ ಕ್ರಮ ಕೈಗೊಂಡು, ಅಂತಾರಾಷ್ಟ್ರೀಯ ಹೆಸರುಗಳನ್ನು ಪಬ್ಲಿಕ್ ಡೊಮೈನ್ ರಿಜಿಸ್ಟ್ರಿ ಎಂಬ ಕಂಪನಿಗೆ ವರ್ಗಾಯಿಸಿತು.

ಡಾಟ್ ಇನ್ ಮತ್ತು ಕನ್ನಡ ಹೆಸರು

ಡಾಟ್ ಇನ್ ಹೆಸರುಗಳ ಹೊಣೆ ಭಾರತದ ನಿಕ್ಸಿ ಸಂಸ್ಥೆಯದು. ಕಟ್ಟುನಿಟ್ಟಿನ ನಿಯಮಗಳಿದ್ದ 1992ರಿಂದ 2004ರವರೆಗೆ ಸುಮಾರು 7 ಸಾವಿರ ಹೆಸರುಗಳಷ್ಟೇ ನೋಂದಣಿಯಾಗಿದ್ದವು. 2005ರಲ್ಲಿ ನಿಯಮ ಸಡಿಲವಾದ ಮೇಲೆ ಸಂಖ್ಯೆ ಏರುತ್ತ ಹೋಗಿ 30 ಲಕ್ಷ ದಾಟಿದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಹೆಸರು ಪಡೆಯಲೂ ಅವಕಾಶವಿದೆ. ಜತ್ತದಂಥ ಕನ್ನಡ-ಮರಾಠಿ ಎರಡೂ ನಡೆಯುವ ತಾಲೂಕಿನಲ್ಲಿ ಇದು ಉಪಯುಕ್ತ.

ಗ್ರಾಹಕರು ಗಮನಿಸಬೇಕಾದದ್ದು

ಮೊದಲ ವರ್ಷದ ದರಕ್ಕಿಂತ ನವೀಕರಣ ದರವನ್ನು ನೋಡಿ ಕಂಪನಿ ಆರಿಸಬೇಕು. ಡಾಟ್ ಕಾಮ್ ಅವಧಿ ಮುಗಿದರೆ ಕಂಪನಿಯ ನಿಯಮದಂತೆ ಸಾಮಾನ್ಯವಾಗಿ ಕೆಲವು ದಿನ ಮಾಮೂಲಿ ದರದಲ್ಲಿ ನವೀಕರಿಸಬಹುದು. ನಂತರದ 30 ದಿನ ಮರಳಿ ಪಡೆಯಲು ಹಲವು ಪಟ್ಟು ದಂಡ ತೆರಬೇಕು. ಅದೂ ಮೀರಿದರೆ ಹೆಸರು ಬೇರೆಯವರ ಪಾಲಾಗಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ ಡೊಮೈನ್ ಇರಬಾರದು. ಹೊಲ ಯಾರೇ ಉಳಲಿ, ಸಾತ್‌ಬಾರಾ ಉತಾರದಲ್ಲಿ ಮಾಲೀಕನ ಹೆಸರಿರಬೇಕು. ಹಾಗೆಯೇ ಡೊಮೈನ್ ದಾಖಲೆಯಲ್ಲಿ ಮಾಲೀಕನ ಹೆಸರು, ಇ-ಮೇಲ್, ಮೊಬೈಲ್ ಸಂಖ್ಯೆಗಳೇ ಇರಬೇಕು. ಖಾತೆಯ ಪಾಸ್‌ವರ್ಡ್ ಅವರ ಬಳಿ ಇರಬೇಕು, ವೆಬ್‌ಸೈಟಿನ ಒಂದು ಪ್ರತಿ ಸ್ವಂತ ಕಂಪ್ಯೂಟರಿನಲ್ಲೂ ಇರಬೇಕು.