ಟೆಲಿಫೋನು ತಂತಿಯೂ ಗಣಕಸಂಗೀತವೂ

ಇಂದು ನಮ್ಮ ಮನೆಗಳಲ್ಲಿ ಹುಡುಗರು ಅಂಗೈಯಗಲದ ಯಂತ್ರವನ್ನು ಬೆರಳಿನಿಂದ ಮುಟ್ಟಿದೊಡನೆ ಬೇಕಾದ ಕೀರ್ತನೆಯು ಕೇಳಿಬರುವುದಷ್ಟೆ. ಇಂಟರ್ನೆಟ್ಟಿನ ಮಾರ್ಗವು ವಿಶಾಲವಾದ ಬಳಿಕ ಈ ಸೌಕರ್ಯವು ಹುಟ್ಟಿತೆಂದು ಅನೇಕರ ಭಾವನೆ. ಚರಿತ್ರೆಯನ್ನು ವಿಮರ್ಶಿಸಿ ನೋಡಿದರೆ ವಿಷಯವು ಇದಕ್ಕೆ ವಿಪರೀತವಾಗಿರುವುದು. ಗಣಕಯಂತ್ರದ ಸಂಗೀತಕ್ಕೆ ಅದರ ರೂಪವನ್ನು ಕೊಟ್ಟುದು ಮಾರ್ಗದ ಇಕ್ಕಟ್ಟು. ಆ ಇಕ್ಕಟ್ಟು ನೀಗಿದ ಮೇಲೂ ಅದರ ಗುರುತು ಅಳಿಯಲಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ ಸೊನ್ನೆ ಒಂದುಗಳ ಹದಿನಾರು ಸ್ಥಾನಗಳಲ್ಲಿ, ಬರೆಯುವರು. ಎಡಬಲಗಳಿಗೆ ಬೇರೆ ಬೇರೆ ಬರೆಯಬೇಕಾದುದರಿಂದ ಸೆಕೆಂಡಿಗೆ 14,11,200 ಬಿಟ್‌ಗಳಾಗುವುವು. ಗಣಕದ ಅಂಕೆಗಳನ್ನು ಶಬ್ದವಾಗಿ ಮಾರ್ಪಡಿಸಿ ಟೆಲಿಫೋನು ತಂತಿಯಲ್ಲಿ ಸಾಗಿಸುವ ಮೋಡೆಮ್ ಎಂಬ ಉಪಕರಣವಾದರೋ 1994ರಲ್ಲಿ ಸೆಕೆಂಡಿಗೆ 28,800 ಬಿಟ್‌ಗಳನ್ನು ಮಾತ್ರ ಒಯ್ಯುತ್ತಿದ್ದಿತು. ನಾಲ್ಕು ನಿಮಿಷದ ಒಂದು ಹಾಡನ್ನು ಮನೆಗೆ ತರಿಸಿಕೊಳ್ಳಲು ಮೂರೂಕಾಲು ಗಂಟೆ! ಅಷ್ಟು ಹೊತ್ತೂ ಆ ಮನೆಯ ಟೆಲಿಫೋನಿನಲ್ಲಿ ಇನ್ನೊಬ್ಬರು ಮಾತಾಡುವಂತಿಲ್ಲ.

ಹವ್ಯಾಸಿಗಳು ಇದಕ್ಕೆ ಮೊದಲು ಕಂಡುಕೊಂಡ ಉಪಾಯವು ಬಹು ಚಮತ್ಕಾರದ್ದು. 1985ರಲ್ಲಿ ಅಮಿಗ ಎಂಬ ಗಣಕವು ಬಂದಿತು. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಎಂಬ ಜರ್ಮನನು ಅದಕ್ಕಾಗಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ಸಾಧನವನ್ನು ರಚಿಸಿದನು. ಇದರಲ್ಲಿ ಹಾಡನ್ನೆಲ್ಲ ಕೂಡಿಡುವ ಗೋಜಿಲ್ಲ. ಒಂದೊಂದು ವಾದ್ಯದ ಧ್ವನಿಯ ತುಣುಕನ್ನು ಒಂದೇ ಸಲ ಇಟ್ಟು, ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂಬುದನ್ನು ಪಟ್ಟಿಯಾಗಿ ಬರೆದರೆ ಸಾಕು. ಓದಿ ನುಡಿಸುವ ಕೆಲಸ ಗಣಕದ್ದು. ನಮ್ಮ ಸ್ವರಲಿಪಿಯ ಪುಸ್ತಕದೊಡನೆ ವೀಣೆಯನ್ನೂ ಕಟ್ಟಿ ಕಳುಹಿಸಿದಂತೆ. ಅಕ್ಷರಲಾಘವಕ್ಕೆ ಹಿಗ್ಗುವ ನಮ್ಮ ಸೂತ್ರಕಾರರು ಕಂಡಿದ್ದರೆ ಮೆಚ್ಚುತ್ತಿದ್ದರು. ಆದರೆ ಮನುಷ್ಯನು ಆದ್ಯಂತವಾಗಿ ಹಾಡಿದ ಹಾಡು ಈ ಲಿಪಿಗೆ ಸಿಕ್ಕುವುದಲ್ಲ.

ಕಂಠಕ್ಕೆ ದಾರಿಯಾದುದು ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ. ಅಲ್ಲಿನ ಪ್ರೊಫೆಸರ್ ಡೀಟರ್ ಸೈಟ್ಸರ್ ಎಂಬವರು ಟೆಲಿಫೋನು ತಂತಿಯಲ್ಲಿ ಸಂಗೀತವನ್ನು ಕಳುಹಿಸಬೇಕೆಂದು ಪೇಟೆಂಟು ಬೇಡಿದಾಗ, ಅದು ಅಸಾಧ್ಯವೆಂದು ಪರೀಕ್ಷಕನು ನಿರಾಕರಿಸಿದನು. ಸೈಟ್ಸರರು ಅದನ್ನೇ ತಮ್ಮ ಶಿಷ್ಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಎಂಬವರಿಗೆ ಸಂಶೋಧನೆಯ ವಿಷಯವಾಗಿ ಕೊಟ್ಟರು. ಗುರುವೆಂದರೆ ಹೀಗಿರಬೇಕು. ಇವರ ಯುಕ್ತಿಗೆ ಮೂಲವು ಕಿವಿಯ ಒಂದು ದೌರ್ಬಲ್ಯ. ಡೊಳ್ಳು ಮೊಳಗುತ್ತಿರುವಾಗ ಪಕ್ಕದವರ ಪಿಸುಮಾತು ಕೇಳದಷ್ಟೆ? ಹಾಗೆಯೇ ಬಲವಾದ ಸ್ವರವೊಂದು ತನ್ನ ಸಮೀಪದ ಶ್ರುತಿಯ ಮೆಲುನಾದಗಳನ್ನು ಮುಚ್ಚಿಬಿಡುವುದು. ಹೀಗೆ ಮರೆಯಾಗುವ ಅಂಶವನ್ನು ಒರಟಾಗಿ ಬರೆದರೆ, ಇಲ್ಲವೆ ಬಿಟ್ಟೇಬಿಟ್ಟರೆ, ಹೊರೆಯು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುವುದು.

ಆದರೆ ಕೇಳದುದು ಯಾವುದೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯು ಬ್ರಾಂಡೆನ್‌ಬುರ್ಗರಿಗೂ ಎದುರಾಯಿತು. ವಾದ್ಯಮೇಳಗಳು ಚೆನ್ನಾಗಿ ಬರುತ್ತಿದ್ದರೂ, 1987ರಲ್ಲಿ ಪ್ರಕಟವಾದ ಸುಜ಼ಾನ್ ವೇಗ ಎಂಬಾಕೆಯ ‘ಟಾಮ್ಸ್ ಡೈನರ್’ ಎಂಬ ಹಾಡು ಕೆಟ್ಟುಹೋಯಿತು. ಅದರಲ್ಲಿ ವಾದ್ಯವೇ ಇಲ್ಲ, ಒಂಟಿ ಕಂಠ. ದೋಷವನ್ನು ಮರೆಮಾಡಲು ಬೇರೆ ನಾದವಿಲ್ಲ. ಆ ಹಾಡನ್ನೇ ಮತ್ತೆ ಮತ್ತೆ ಕೇಳಿ ಅವರು ತಮ್ಮ ವಿಧಾನವನ್ನು ತಿದ್ದಿದರು. ತಂಬೂರಿಯೊಂದನ್ನೇ ನೆಚ್ಚಿ ಹಾಡುವ ಗಾಯಕನ ಆಲಾಪನೆಯೂ ಇಂಥ ನಿಷ್ಠುರವಾದ ಒರೆಗಲ್ಲಾಗುತ್ತಿತ್ತೆಂದು ನನ್ನ ಮತ.

1995ರ ಜುಲೈ 14ರಂದು ಈ ರೂಪಕ್ಕೆ ಎಂ.ಪಿ.3 ಎಂಬ ಹೆಸರಾಯಿತು. ಮರುತಿಂಗಳೇ, ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ತೆರೆಯಿತು. ಮೂರೂಕಾಲು ಗಂಟೆಯ ಹಾಡು ಈಗ ಅದೇ ಮೋಡೆಮಿನಲ್ಲಿ ಹದಿನೆಂಟು ನಿಮಿಷಕ್ಕೆ ಬರುವಂತಾಯಿತು. ನಡುವೆ ಸಂಬಂಧವು ಕಡಿಯದಿದ್ದರೆ, ಅಷ್ಟೆ. 1998ರಲ್ಲಿ 56,000 ಬಿಟ್‌ಗಳ ಮೋಡೆಮಿಗೆ ಎಲ್ಲರೂ ಒಪ್ಪಿದ ನಿಯಮವೇರ್ಪಟ್ಟಿತು. 1999ರಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ತರುಣನು ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯನ್ನು ಮಾಡಿ, ಒಬ್ಬರ ಗಣಕದಲ್ಲಿದ್ದ ಹಾಡುಗಳು ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವಂತೆ ಮಾಡಿದನು. ಧ್ವನಿಮುದ್ರಿಕೆಯ ಕಂಪೆನಿಗಳು ನ್ಯಾಯಸ್ಥಾನಕ್ಕೆ ಹೋದುವು. 2001ರಲ್ಲಿ ಅದು ನಿಂತಿತು. ಹಾಡಿದವರಿಗೆ ಕಾಸಿಲ್ಲದೆ ಹಾಡನ್ನು ಹಂಚುವುದು ಉದಾರಕಾರ್ಯವೆಂದು ನಾನೆಣಿಸಲಾರೆ. ಕಂಪೆನಿಗಳ ಕಣ್ಣೀರೆಲ್ಲವೂ ಗಾಯಕರಿಗಾಗಿಯೇ ಹರಿಯಿತೆಂದೂ ನಂಬಲಾರೆ.

ಇದಕ್ಕಿಂತ ದೊಡ್ಡ ನಷ್ಟವು ಸದ್ದಿಲ್ಲದೆ ನಡೆಯಿತು. ಎಂ.ಪಿ.3ರಲ್ಲಿ ಬಿಟ್ಟುದನ್ನು ಮರಳಿ ಪಡೆಯುವ ಉಪಾಯವಿಲ್ಲ. ಒಮ್ಮೆ ಇಳಿಸಿದುದನ್ನು ಬಿಡಿಸಿ ಮತ್ತೆ ಇಳಿಸಿದರೆ ಇನ್ನಷ್ಟು ಹೋಗುವುದು. ತಂತಿಯ ಇಕ್ಕಟ್ಟಿಗಾಗಿ ಮಾಡಿದ ಪ್ರತಿಯನ್ನೇ ಮೂಲವೆಂದು ನಂಬಿ ಮೂಲವನ್ನು ಎಸೆದವರು ಕಳೆದುಕೊಂಡುದು ಕಳೆದಂತೆಯೇ. ಇದನ್ನರಿತ ಹವ್ಯಾಸಿಗಳಲ್ಲಿ ಒಬ್ಬನಾದ ಜೋಶ್ ಕೋಲ್ಸನ್ 2001ರಲ್ಲಿ ಫ್ಲಾಕ್ ಎಂಬ ರೂಪವನ್ನು ಪೂರ್ಣಗೊಳಿಸಿ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟನು. ಇದರಲ್ಲಿ ಹೊರೆಯು ಸುಮಾರು ಅರ್ಧಕ್ಕೆ ಇಳಿಯುವುದಾದರೂ ಒಂದು ಬಿಟ್ ಕೂಡ ಲೋಪವಾಗದು. ಎಂ.ಪಿ.3ರ ಪರವಾನಗಿಯ ಏರ್ಪಾಡು 2017ರಲ್ಲಿ ಮುಗಿಯಿತು.

ನಮ್ಮ ಸೀಮೆಯ ಮನೆಗಳಲ್ಲಿ ಹಿರಿಯರ ಹಾಡು, ಹರಿಕಥೆ, ತಾಳಮದ್ದಳೆಗಳ ಕ್ಯಾಸೆಟ್ಟುಗಳು ಇನ್ನೂ ಪೆಟ್ಟಿಗೆಗಳಲ್ಲಿ ಉಳಿದಿರಬಹುದು. ಅವನ್ನು ಗಣಕಕ್ಕೆ ಇಳಿಸಿಕೊಡುವವರು ಹಳೆಯ ರೂಢಿಯಂತೆ ಎಂ.ಪಿ.3 ಮಾಡಿಕೊಟ್ಟರೆ, ವಾಚಕರು ಫ್ಲಾಕ್ ಪ್ರತಿಯನ್ನೂ ಕೇಳಿ ಪಡೆಯಬೇಕು. ಒಂದು ಗಂಟೆಯ ಕ್ಯಾಸೆಟ್ಟನ್ನು ಡಿಸ್ಕಿನ ಅಳತೆಯಲ್ಲಿ ಇಳಿಸಿದರೆ, ಏನನ್ನೂ ಕುಗ್ಗಿಸದಿದ್ದರೂ 635 ಮೆಗಾಬೈಟು ಮಾತ್ರ. ಉಗುರಿನಗಲದ 64 ಗಿಗಾಬೈಟಿನ ಕಾರ್ಡೊಂದರಲ್ಲಿ ಅಂಥವು ಸುಮಾರು ನೂರು ಹಿಡಿಯುವುವು.